ಅಳಿಸಿ ಮತ್ತೆ ಕಲಿಸಿದ ಕಾಲುಭಾಗ

ಮೂವತ್ತೊಂದು ನೋಟ್‌ಬುಕ್ಕುಗಳಲ್ಲಿ ಒಂದೇ ಒಂದು ತಪ್ಪು ಇರಲಿಲ್ಲ. ಮೂರನೇ ತರಗತಿಗೆ ಭಿನ್ನರಾಶಿಯ ಪಾಠ ಮುಗಿದು ನಾಲ್ಕು ದಿನವಾಗಿತ್ತು. ಚಿಕ್ಕಮ್ಮ ಅಷ್ಟೂ ಪುಸ್ತಕಗಳನ್ನು ಬಟ್ಟೆಯ ಚೀಲದಲ್ಲಿ ಹೊತ್ತುಕೊಂಡು ಚಿಕ್ಕಪ್ಪನ ಅಂಗಡಿಗೆ ಬಂದು, ಕೆಂಪು ಪೆನ್ನಿನಿಂದ ಸರಿ ಗುರುತು ಹಾಕುತ್ತಾ ಕೂತಿದ್ದರು.

ಅಂಗಡಿ ಎಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಒಳಗೆ ನಿಂತರೆ ತಲೆ ತಾಗುತ್ತದೆ, ಆದ್ದರಿಂದ ಅಲ್ಲಿ ಎಲ್ಲರೂ ಕೂತೇ ಮಾತಾಡುವುದು. ಚಿಕ್ಕಪ್ಪ ಛತ್ರಿ ರಿಪೇರಿ ಮಾಡುತ್ತಾರೆ. ಬೀದಿಯವರು ಅವರನ್ನು ‘ಛತ್ರಿ’ ಎಂದೇ ಕರೆಯುವುದು. “ನಾನು ಕೆಲಸದಲ್ಲಿ ಛತ್ರಿ, ಗುಣದಲ್ಲಲ್ಲ” ಎಂದು ಅವರೂ ಅಷ್ಟೇ ಸಲ ಹೇಳಿದ್ದಾರೆ.

ಚಿಕ್ಕಮ್ಮ ನನ್ನ ತಾಯಿಯ ತಂಗಿ. ಮದುವೆಯಾದ ಮೇಲೆ ಹದಿನಾಲ್ಕು ವರ್ಷ ಅದೇ ಮೆಟ್ಟಿಲ ಕೆಳಗೆ ಕೂತು ಛತ್ರಿಯ ಬಟ್ಟೆ ಕತ್ತರಿಸಿದವರು, ಹೊಲಿದವರು. ಮಗಳು ದೊಡ್ಡ ತರಗತಿಗೆ ಹೋದ ಮೇಲೆ, ತಮ್ಮ ಮೂವತ್ತೇಳನೆಯ ವಯಸ್ಸಿನಲ್ಲಿ, ಟೀಚರ್ ತರಬೇತಿಗೆ ಸೇರಿಕೊಂಡರು. ಅಲ್ಲಿ ಪಕ್ಕದ ಬೆಂಚಿನವರಿಗೆಲ್ಲ ಇಪ್ಪತ್ತು ವರ್ಷ. ಅವರು ಇವರನ್ನು ಮೊದಲು ‘ಆಂಟಿ’ ಎಂದು ಕರೆದರು. ಪರೀಕ್ಷೆ ಹತ್ತಿರ ಬಂದು ನೋಟ್ಸ್ ಬೇಕಾದಾಗ ‘ಅಕ್ಕ’ ಎಂದರು. ಚಿಕ್ಕಮ್ಮ ಎರಡಕ್ಕೂ ಓಗೊಟ್ಟು, ಪಾಸಾಗಿ ಹೊರಗೆ ಬಂದರು. ಆಮೇಲೆ ಮೂರು ವರ್ಷ ಸಣ್ಣ ಮಕ್ಕಳ ತರಗತಿಯಲ್ಲಿ ಸಹಾಯಕಿ. ಮೂಗು ಒರೆಸುವುದು, ಚಪ್ಪಲಿ ಜೋಡಿಸುವುದು, ಅಳುವವರನ್ನು ಎತ್ತಿಕೊಳ್ಳುವುದು.

ಈ ವರ್ಷ ಮೊದಲ ಸಲ ಒಂದು ಇಡೀ ತರಗತಿ ಅವರ ಕೈಗೆ ಬಂದಿತ್ತು. ಅದೂ ಪರೀಕ್ಷಾರ್ಥವಾಗಿ, ಒಂದೇ ವರ್ಷಕ್ಕೆ. ಹಿಂದಿನ ವರ್ಷದ ಮೂರನೇ ತರಗತಿ ಭಿನ್ನರಾಶಿಯಲ್ಲಿ ಮುಗ್ಗರಿಸಿದ್ದರಿಂದ, ಈ ಸಲ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಅದರಲ್ಲೇ ಪರೀಕ್ಷೆ ಕೊಡುತ್ತಾರೆ ಎಂದು ಕಾಗದ ಬಂದಿತ್ತು. ಹತ್ತು ಅಂಕದ ಪರೀಕ್ಷೆ. ಮುಕ್ಕಾಲು ಪಾಲು ಮಕ್ಕಳಿಗೆ ಏಳು ಅಥವಾ ಹೆಚ್ಚು ಅಂಕ ಬಂದರೆ ಚಿಕ್ಕಮ್ಮ ಖಾಯಂ. ಬಾರದಿದ್ದರೆ ಮತ್ತೆ ಚಪ್ಪಲಿ ಜೋಡಿಸುವ ಕೆಲಸ, ಅಥವಾ ಮೆಟ್ಟಿಲ ಕೆಳಗೆ.

ಅದಕ್ಕೇ ಆ ಸಂಜೆ ಪುಸ್ತಕ ತಿದ್ದುವಾಗ ಅವರ ಮುಖ ಅರಳಿತ್ತು. ತಿದ್ದಿ ಮುಗಿದ ಒಂದು ಪುಸ್ತಕವನ್ನು ಚಿಕ್ಕಪ್ಪ ಸುಮ್ಮನೆ ಎತ್ತಿಕೊಂಡು ನೋಡಿದರು. ಡಬ್ಬದ ಮುಚ್ಚಳ ಇಟ್ಟು ಎಳೆದ ಒಂದು ವೃತ್ತ. ಅದರೊಳಗೆ ಕೈಯಿಂದ ಗೆರೆ ಎಳೆದು ನಾಲ್ಕು ತುಂಡು ಮಾಡಿತ್ತು ಮಗು. ಒಂದು ತುಂಡು ವೃತ್ತದ ಅರ್ಧದಷ್ಟಿತ್ತು, ಉಳಿದ ಮೂರು ಒಣಗಿದ ಎಲೆಯ ಹಾಗೆ ಮುದುಡಿಕೊಂಡಿದ್ದವು. ಆ ಮುದುಡಿದ ಒಂದಕ್ಕೆ ಹಸಿರು ಬಣ್ಣ. ಕೆಳಗೆ ‘ನಾಲ್ಕರಲ್ಲಿ ಒಂದು’ ಎಂದು ಮುದ್ದಾದ ಅಕ್ಷರ. ಪಕ್ಕದಲ್ಲಿ ಕೆಂಪು ಗುರುತು.

“ಇದನ್ನ ಯಾರು ಕಟ್ ಮಾಡಿದ್ದು?” ಎಂದರು ಚಿಕ್ಕಪ್ಪ.

“ಅದು ಛತ್ರಿ ಅಲ್ಲ ಕಣ್ರೀ. ಭಿನ್ನರಾಶಿ.”

“ಏನಾದರೂ ಆಗಲಿ. ಈ ಬಟ್ಟೆ ಕಡ್ಡಿಗೆ ಕಟ್ಟಿ ಬಿಚ್ಚಿದ್ರೆ ಒಂದು ಕಡೆ ಜೋಲುತ್ತೆ, ಇನ್ನೊಂದು ಕಡೆ ಹೊಲಿಗೆ ಬಿಡುತ್ತೆ. ಗಿರಾಕಿ ವಾಪಸ್ ತಂದು ನನ್ನ ತಲೆ ಮೇಲೇ ಬಿಚ್ಚುತ್ತಾನೆ.” ಆಮೇಲೆ ಕೆಂಪು ಗುರುತಿನ ಮೇಲೆ ಬೆರಳಿಟ್ಟು, “ನೀನು ಪಾಸ್ ಬೇರೆ ಮಾಡಿದ್ದೀಯ” ಎಂದರು.

ಚಿಕ್ಕಮ್ಮ ಪುಸ್ತಕ ಕಿತ್ತುಕೊಂಡರು. ಮತ್ತೆ ಚೀಲದಿಂದ ಒಂದೊಂದೇ ಪುಸ್ತಕ ತೆಗೆದು, ಮಕ್ಕಳು ತಾವೇ ಬರೆದ ಚಿತ್ರಗಳನ್ನು ಮಾತ್ರ ನೋಡುತ್ತಾ ಹೋದರು. ಹತ್ತೊಂಬತ್ತು ಪುಸ್ತಕಗಳಲ್ಲಿ ತುಂಡುಗಳು ಒಂದಕ್ಕೊಂದು ಸಮ ಇರಲಿಲ್ಲ. ಹತ್ತೊಂಬತ್ತಕ್ಕೂ ಸರಿ ಗುರುತು ಬಿದ್ದಿತ್ತು.

ತಾವು ಏನು ಕಲಿಸಿದ್ದೇವೆ ಎಂದು ಅವರಿಗೆ ಆಗ ಗೊತ್ತಾಯಿತು. ‘ಬಣ್ಣ ಹಚ್ಚಿದ್ದನ್ನ ಎಣಿಸಿ ಮೇಲೆ ಬರೀರಿ. ಎಲ್ಲಾನೂ ಎಣಿಸಿ ಕೆಳಗೆ ಬರೀರಿ.’ ಇದನ್ನು ಅವರು ಒಂದು ತಿಂಗಳು ಹೇಳಿದ್ದರು. ಮಕ್ಕಳು ಚೆನ್ನಾಗಿಯೇ ಎಣಿಸಿದ್ದರು. ಎಣಿಸುವುದು ಒಂದನೇ ತರಗತಿಯಲ್ಲೇ ಅವರಿಗೆ ಬರುತ್ತಿತ್ತು. ಭಾಗಗಳು ಸಮ ಇರಬೇಕು ಎಂಬ ಮಾತು ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿತ್ತು. ಅದನ್ನು ಚಿಕ್ಕಮ್ಮ ಒಂದು ಸಲ ಓದಿ ಮುಂದೆ ಹೋಗಿದ್ದರು.

ಛತ್ರಿಯ ಬಟ್ಟೆ ಎಂಟು ತುಂಡುಗಳದ್ದು. ಚಿಕ್ಕಮ್ಮ ಅದನ್ನು ಎಸಳು ಎನ್ನುತ್ತಾರೆ. ತಗಡಿನ ಅಚ್ಚು ಇಟ್ಟು ಒಂದೊಂದು ಎಸಳನ್ನೂ ಕತ್ತರಿಸಿ, ಎಂಟನ್ನೂ ಒಂದರ ಮೇಲೊಂದು ಇಟ್ಟು ಅಂಚು ಸವರಿ ನೋಡಿದ ಮೇಲೇ ಅವರು ಸೂಜಿಗೆ ದಾರ ಪೋಣಿಸುತ್ತಿದ್ದದ್ದು. ಹದಿನಾಲ್ಕು ವರ್ಷ ಕೈಗೆ ಗೊತ್ತಿದ್ದದ್ದು ಬೋರ್ಡಿನ ಮುಂದೆ ನಿಂತಾಗ ಬಾಯಿಗೆ ಬಂದಿರಲಿಲ್ಲ.

ಪರೀಕ್ಷೆಗೆ ಹದಿಮೂರು ಶಾಲಾದಿನ ಉಳಿದಿತ್ತು.

ಮಾರನೆಯ ಬೆಳಿಗ್ಗೆ ಅವರು ಬೋರ್ಡಿನ ಮೇಲೆ ಒಂದು ಚೌಕ ಬರೆದು, ಬಲಗಡೆಯ ಅಂಚಿನ ಹತ್ತಿರ ಒಂದು ಗೆರೆ ಎಳೆದು, ಸಣ್ಣ ತುಂಡಿಗೆ ಸೀಮೆಸುಣ್ಣ ಬಳಿದರು. ಅದು ಚೌಕದ ಐದನೇ ಒಂದು ಭಾಗವೂ ಇರಲಿಲ್ಲ.

“ಎಷ್ಟು ಭಾಗಕ್ಕೆ ಬಣ್ಣ?”

“ಅರ್ಧ,” ಎಂದಿತು ತರಗತಿ ಒಂದೇ ಧ್ವನಿಯಲ್ಲಿ.

ಚಿಕ್ಕಮ್ಮ ಮುಂದಿನ ಬೆಂಚಿನ ಇಬ್ಬರನ್ನು ಕರೆದರು. ಒಬ್ಬಳನ್ನು ಎಲ್ಲರೂ ಲಾಯರ್ ಎನ್ನುತ್ತಿದ್ದರು. ಅವಳು ಮಲಗಿದಾಗ ಮಾತ್ರ ವಾದ ನಿಲ್ಲಿಸುತ್ತಾಳೆ ಎಂದು ಅವಳ ಅಜ್ಜಿಯೇ ಹೇಳಿದ್ದರು. ಇನ್ನೊಬ್ಬನ ಅಡ್ಡಹೆಸರು ರಬ್ಬರ್. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು, ಅವನ ಪುಸ್ತಕದ ಹಾಳೆಗಳು ಬೆಳಕಿಗೆ ಹಿಡಿದರೆ ಜರಡಿಯ ಹಾಗೆ ಕಾಣುತ್ತಿದ್ದವು. ಮುದುಡಿದ ಎಲೆಯ ಆ ವೃತ್ತ ಅವನದೇ. ಚಿಕ್ಕಮ್ಮ ಒಂದು ಹೊಳೆಯುವ ನೀಲಿ ಕಾಗದವನ್ನು ಬೋರ್ಡಿನ ಚೌಕದ ಹಾಗೆಯೇ ಹರಿದು, ದೊಡ್ಡದನ್ನು ರಬ್ಬರಿಗೆ, ಚೂರನ್ನು ಲಾಯರಿಗೆ ಕೊಟ್ಟರು.

“ತಗೊಳ್ಳಿ. ಅರ್ಧ ಅರ್ಧ.”

“ಇದು ಮೋಸ ಮಿಸ್,” ಎಂದಳು ಲಾಯರ್.

“ಬೋರ್ಡಲ್ಲಿ ಇದನ್ನೇ ಅರ್ಧ ಅಂದ್ಯಲ್ಲ?”

“ಅದು ಬೋರ್ಡಿನ ಅರ್ಧ. ಕೈಗೆ ಕೊಡೋವಾಗ ಸರಿಯಾಗಿ ಕೊಡಬೇಕು.”

ತರಗತಿ ನಕ್ಕಿತು. ಚಿಕ್ಕಮ್ಮ ನಗಲಿಲ್ಲ. ಅವಳು ಹೇಳಿದ್ದು ನಿಜ ಎಂದು ಅವರಿಗೆ ಅನ್ನಿಸಿತು. ಮಕ್ಕಳಿಗೆ ಅರ್ಧ ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಬೋರ್ಡಿನ ಮೇಲೆ ಬೇರೆ ಒಂದು ಅರ್ಧ ಇದೆ ಎಂದು ಅವರಿಗೆ ಕಲಿಸಿದ್ದು ತಾವೇ.

“ನೋಟ್‌ಬುಕ್ ತೆಗೀರಿ,” ಎಂದರು. “ನಾನು ಹಾಕಿದ ಸರಿ ಗುರುತುಗಳಲ್ಲಿ ಎಷ್ಟೋ ತಪ್ಪಿವೆ. ತಪ್ಪು ನಿಮ್ಮದಲ್ಲ, ನಂದು. ಮೊದಲಿಂದ ಶುರು ಮಾಡೋಣ.”

ಟೀಚರೇ ತಪ್ಪು ಮಾಡಿದ್ದಾರೆ ಎಂಬ ಸುದ್ದಿ ಊಟದ ಬಿಡುವಿನೊಳಗೆ ಶಾಲೆಯ ಹನ್ನೊಂದು ಕೋಣೆಗೂ ಮುಟ್ಟಿತು. ಹೆಡ್‌ಮಿಸ್ ಕರೆಸಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅವರು ಎಲ್ಲ ಬೀಗದ ಕೈಗಳನ್ನೂ ಒಂದೇ ಗೊಂಚಲಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಮಾತಾಡುವಾಗ ಅದನ್ನು ಮೇಜಿನ ಮೇಲೆ ಆಚೆ ಈಚೆ ಸರಿಸುವುದು ಅಭ್ಯಾಸ.

“ಮೂವತ್ತೊಂದು ಮಕ್ಕಳಿಗೂ ಬರ್ತಿದೆ. ಸರಿ ಇರೋದನ್ನ ಕೆಡಿಸೋಕೆ ಹೊರಟಿದ್ದೀರಲ್ಲ ಟೀಚರ್?”

“ಬರ್ತಿಲ್ಲ ಮೇಡಂ. ಎಣಿಸ್ತಿದ್ದಾರೆ ಅಷ್ಟೆ.”

“ಪರೀಕ್ಷೇಲಿ ಕೇಳೋದೂ ಅಷ್ಟೆ. ನಾಲ್ಕು ಚಿತ್ರ ಕೊಡ್ತಾರೆ, ಬಣ್ಣ ಎಷ್ಟು ಅಂತಾರೆ. ಖಾಯಂ ಆದ ಮೇಲೆ ಏನು ಬೇಕಾದರೂ ಕಲಿಸಿ, ಯಾರು ಬೇಡ ಅಂದ್ರು.”

“ಅಷ್ಟರಲ್ಲಿ ಇವರು ನಾಲ್ಕನೇ ತರಗತಿಗೆ ಹೋಗಿರ್ತಾರೆ.”

ಗೊಂಚಲು ಒಂದು ಸಲ ಆಚೆ ಹೋಗಿ ಈಚೆ ಬಂತು. “ಸಹಾಯಕಿಯ ಜಾಗ ಖಾಲಿಯೇ ಇದೆ,” ಎಂದರು ಹೆಡ್‌ಮಿಸ್. “ಹೆದರಿಸೋಕೆ ಹೇಳ್ತಿಲ್ಲ. ಇರೋದನ್ನ ಹೇಳ್ತಿದ್ದೀನಿ.”

ಆ ಚೌಕ ಬರೆದ ಮೇಲೆ ಮೂರು ದಿನ ಚಿಕ್ಕಮ್ಮ ಮತ್ತೆ ಸೀಮೆಸುಣ್ಣ ಮುಟ್ಟಲಿಲ್ಲ. ಚಿಕ್ಕಪ್ಪನ ಅಂಗಡಿಗೆ ಬರುವ ಹಳೆಯ ದಿನಪತ್ರಿಕೆಗಳನ್ನು ಒಂದೇ ಅಳತೆಯ ಪಟ್ಟಿಗಳಾಗಿ ಕತ್ತರಿಸಿ ತಂದು ಹಂಚಿದರು. ಮಡಚುವುದು, ಮಡಿಕೆಯ ಮೇಲೆ ಕತ್ತರಿಸುವುದು, ಒಂದರ ಮೇಲೊಂದು ಇಟ್ಟು ನೋಡುವುದು. ಹೊರಗೆ ಇಣುಕದಿದ್ದರೆ ಸಮ. ಇಣುಕಿದರೆ ಅದಕ್ಕೆ ಅರ್ಧ ಎನ್ನುವ ಹಾಗಿಲ್ಲ, ಕಾಲು ಎನ್ನುವ ಹಾಗಿಲ್ಲ. ಬರೀ ‘ತುಂಡು’ ಎನ್ನಬೇಕು. ಈ ನಿಯಮ ಮಕ್ಕಳಿಗೆ ಬಹಳ ಹಿಡಿಸಿತು. ಒಬ್ಬರ ಕಾಲನ್ನು ಇನ್ನೊಬ್ಬರು ಕಿತ್ತುಕೊಂಡು, ಮೇಲೆ ಇಟ್ಟು ನೋಡಿ, “ನಿಂದು ತುಂಡು, ನಿಂದು ತುಂಡು” ಎಂದು ಹೀಯಾಳಿಸುವುದೇ ಒಂದು ಆಟವಾಯಿತು.

ಕಾಲು ಎಂಬ ಮಾತು ಬಂದಾಗ ಆಗಬೇಕಾದದ್ದು ಆಗಿಯೇ ಆಯಿತು. ಎರಡು ಕಾಲು ಸೇರಿದರೆ ಅರ್ಧ ಎಂದು ಚಿಕ್ಕಮ್ಮ ಹೇಳಿದ ಕೂಡಲೇ ಲಾಯರ್ ಎದ್ದು ನಿಂತಳು.

“ಹಾಗಾದರೆ ನಾನು ಅರ್ಧ. ಮೇಜು ಪೂರ್ತಿ.”

“ನಮ್ಮನೆ ಬೆಕ್ಕೂ ಪೂರ್ತಿ,” ಎಂದಿತು ಹಿಂದಿನಿಂದ ಒಂದು ಧ್ವನಿ.

“ನಿಮ್ಮನೆ ಬೆಕ್ಕಿಗೆ ಒಂದು ಕಾಲು ಕುಂಟು. ಅದು ಮುಕ್ಕಾಲು.”

ಚಿಕ್ಕಮ್ಮ ಅಡ್ಡಿಪಡಿಸಲಿಲ್ಲ. ಮೂರು ಕಾಲು ಸೇರಿದರೆ ಮುಕ್ಕಾಲು ಎಂದು ಅವರು ಇನ್ನೂ ಹೇಳಿಕೊಟ್ಟಿರಲಿಲ್ಲ.

ನಾಲ್ಕನೆಯ ದಿನ ಹರಿದ ದೊಡ್ಡ ಛತ್ರಿಯೊಂದನ್ನು ತಂದು ತರಗತಿಯ ನಡುವೆ ಬಿಚ್ಚಿಟ್ಟರು. ಮಕ್ಕಳು ಅದರ ಸುತ್ತ ನೆಲದ ಮೇಲೆ ಕೂತರು. ಎಂಟು ಎಸಳು. ಅರ್ಧ ಛತ್ರಿ ಎಂದರೆ ನಾಲ್ಕು, ಕಾಲು ಛತ್ರಿ ಎಂದರೆ ಎರಡು. ಇದು ಸಲೀಸಾಗಿ ಹೋಯಿತು. ತೊಡಕು ಬಂದದ್ದು ಒಂದು ಎಸಳು ಮತ್ತು ಕಾಲು, ಇವೆರಡರಲ್ಲಿ ಯಾವುದು ದೊಡ್ಡದು ಎಂದು ಛತ್ರಿ ಮುಚ್ಚಿಟ್ಟು ಕೇಳಿದಾಗ.

“ಎಂಟರಲ್ಲಿ ಒಂದೇ ದೊಡ್ಡದು,” ಎಂದಳು ಲಾಯರ್. “ಎಂಟು ದೊಡ್ಡದು ತಾನೆ?”

ಇಪ್ಪತ್ತಕ್ಕೂ ಹೆಚ್ಚು ತಲೆಗಳು ಹೌದೆಂದು ಅಲ್ಲಾಡಿದವು. ಚಿಕ್ಕಮ್ಮ ಅವಳಿಗೆ ಒಂದೇ ಅಳತೆಯ ಎರಡು ಪಟ್ಟಿ ಕೊಟ್ಟರು. ಒಂದನ್ನು ನಾಲ್ಕು, ಇನ್ನೊಂದನ್ನು ಎಂಟು ಮಾಡು ಎಂದರು. ಅವಳು ಮಡಚಿದಳು, ಕತ್ತರಿಸಿದಳು, ಎಂಟರ ಒಂದನ್ನು ನಾಲ್ಕರ ಒಂದರ ಮೇಲೆ ಇಟ್ಟಳು. ಆ ಕಡೆ ಸರಿಸಿದಳು, ಈ ಕಡೆ ಸರಿಸಿದಳು. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಯಾರೂ ನೋಡಿರಲಿಲ್ಲ.

“ಜಾಸ್ತಿ ಜನ ಬಂದ್ರೆ ಜಾಗ ಕಮ್ಮಿ,” ಎಂದಳು ಕೊನೆಗೆ. “ನಮ್ಮ ಬೆಂಚ್ ಥರ.”

ಎಲ್ಲರಿಗೂ ಹೀಗೆ ಆಗಲಿಲ್ಲ. ಏಳನೆಯ ದಿನ ಚಿಕ್ಕಮ್ಮ ತಾವೇ ಒಂದು ಸಣ್ಣ ಪರೀಕ್ಷೆ ಕೊಟ್ಟರು. ಹಿಂದಿನ ತಿಂಗಳು ಹತ್ತಕ್ಕೆ ಹತ್ತು ತೆಗೆದಿದ್ದ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಐದು ದಾಟಲಿಲ್ಲ. ಸಮ ಇದ್ದ ಚಿತ್ರಗಳನ್ನೂ ಕೆಲವರು ಅನುಮಾನದಿಂದ ‘ತುಂಡು’ ಎಂದು ಬರೆದಿದ್ದರು. ರಬ್ಬರ್ ಉತ್ತರ ಬರೆದು, ಅಳಿಸಿ, ಬರೆದು, ಅಳಿಸಿ, ಕೊನೆಗೆ ಹಾಳೆಯಲ್ಲಿ ತೂತು ಮಾತ್ರ ಒಪ್ಪಿಸಿದ್ದ.

ಮರುದಿನ ಗೇಟಿನ ಹತ್ತಿರ ಅವನ ತಾಯಿ ಕಾದಿದ್ದರು. ಅವರು ಬಸ್ ಕಂಡಕ್ಟರ್. ಸಮವಸ್ತ್ರದಲ್ಲೇ ಇದ್ದರು, ಬಸ್ಸು ಆಚೆ ಬದಿಯಲ್ಲಿ ನಿಂತು ಗುರುಗುಟ್ಟುತ್ತಿತ್ತು.

“ಹೋದ ತಿಂಗಳು ಹತ್ತಕ್ಕೆ ಹತ್ತು ಮಿಸ್. ಈಗ ಸೊನ್ನೆ. ನೀವು ಹತ್ತಿಸ್ತಿದ್ದೀರೋ, ಇಳಿಸ್ತಿದ್ದೀರೋ?”

“ತಪ್ಪು ಬಸ್ ಹತ್ತಿಸಿಬಿಟ್ಟಿದ್ದೆ,” ಎಂದರು ಚಿಕ್ಕಮ್ಮ. “ಈಗ ಇಳಿಸಿ ಸರಿಯಾದ ಬಸ್ ಹತ್ತಿಸ್ತಿದ್ದೀನಿ. ಸ್ವಲ್ಪ ತಡ ಆಗುತ್ತೆ.”

ಕಂಡಕ್ಟರ್ ಅವರನ್ನೇ ನೋಡಿದರು. “ನಡುದಾರೀಲಿ ಇಳಿಸಿದ್ರೆ ಪ್ಯಾಸೆಂಜರ್ ಸುಮ್ನೆ ಇರಲ್ಲ,” ಎಂದು, ನಗಬೇಕೋ ಬೇಡವೋ ತಿಳಿಯದೆ ಬಸ್ಸಿನ ಕಡೆ ಓಡಿದರು.

ಆ ಮಾತು ಚಿಕ್ಕಮ್ಮನಿಗೆ ಚುಚ್ಚಿತ್ತು. ಸಂಜೆ ಅಂಗಡಿಯಲ್ಲಿ ಅವರು ತಲೆ ತಗ್ಗಿಸಿ ಪಟ್ಟಿ ಕತ್ತರಿಸುತ್ತಿದ್ದರು. ಚಿಕ್ಕಪ್ಪನೇ ಕೇಳಿದರು.

“ಖಾಯಂ ಆಗದಿದ್ರೆ?”

“ಬಂದು ಛತ್ರಿ ಹೊಲೀತೀನಿ.”

“ಬೇಡ ಮಾರಾಯ್ತಿ. ಈಗ ನೀನು ಒಂದೊಂದು ಎಸಳಿಗೂ ಪಾಠ ಹೇಳ್ತಾ ಕೂತ್ರೆ ಮಳೆಗಾಲ ಮುಗಿದುಹೋಗುತ್ತೆ.” ಆಮೇಲೆ ಕತ್ತರಿ ಕೆಳಗಿಟ್ಟು ಹೇಳಿದರು: “ಹಳೇ ಥರ ಎಣಿಸಿ ಬರೀರಿ ಅಂತ ನಾಳೆ ಒಂದು ಮಾತು ಹೇಳಿದ್ರೆ ಎಲ್ಲರೂ ಪಾಸ್. ಗೊತ್ತು ತಾನೆ?”

“ಗೊತ್ತು.”

“ಹೇಳ್ತೀಯಾ?”

“ಇಲ್ಲ.”

ಚಿಕ್ಕಪ್ಪ ಮತ್ತೆ ಕತ್ತರಿ ಎತ್ತಿಕೊಂಡು, ಪತ್ರಿಕೆಯ ರಾಶಿಯನ್ನು ತಮ್ಮ ಕಡೆ ಎಳೆದುಕೊಂಡರು. ಅವತ್ತಿನಿಂದ ಪಟ್ಟಿಗಳನ್ನು ಅವರೇ ಕತ್ತರಿಸಿ ಕೊಟ್ಟರು. ಛತ್ರಿ ಕತ್ತರಿಸುವವರ ಕೈ. ಒಂದು ಪಟ್ಟಿಯೂ ಹೆಚ್ಚುಕಮ್ಮಿ ಇರುತ್ತಿರಲಿಲ್ಲ.

ಚಿಕ್ಕಮ್ಮ ರಬ್ಬರನ್ನು ಬೇರೆ ರೀತಿಯಲ್ಲಿ ಹಿಡಿದರು. ಅವನಿಗೆ ಪೆನ್ಸಿಲ್ ಕೊಡುವುದನ್ನೇ ನಿಲ್ಲಿಸಿದರು. ಮಡಚಿ ತೋರಿಸು, ಸಾಕು ಎಂದರು. ಅಳಿಸಲು ಏನೂ ಇಲ್ಲದಾಗ ಅವನ ಕೈ ನಿಧಾನವಾಯಿತು. ಹತ್ತನೆಯ ದಿನ ಅವನು ತಾನಾಗಿಯೇ ಎದ್ದು ಬಂದು, ತನ್ನ ಹಳೆಯ ವೃತ್ತವನ್ನು ತೋರಿಸಿ, “ಮಿಸ್, ಇದು ನಾಲ್ಕು ತುಂಡು. ಕಾಲಲ್ಲ” ಎಂದ. ಹನ್ನೆರಡನೆಯ ದಿನದ ಹೊತ್ತಿಗೆ ಇಪ್ಪತ್ನಾಲ್ಕು ಮಕ್ಕಳು ಕಣ್ಣಿನಿಂದ ನೋಡಿಯೇ ಸಮ ಇದೆ, ಸಮ ಇಲ್ಲ ಎಂದು ಹೇಳುತ್ತಿದ್ದರು. ಅರ್ಧ, ಕಾಲು, ಮುಕ್ಕಾಲು, ಎಂಟರಲ್ಲೊಂದು ಗಟ್ಟಿಯಾಗಿದ್ದವು. ಮೂರನೇ ಒಂದು ಭಾಗವನ್ನು ಮಡಚಿ ಕಲಿಸಲು ದಿನ ಸಾಲಲಿಲ್ಲ. ಆದರೂ ಚಿಕ್ಕಮ್ಮನಿಗೆ ಧೈರ್ಯ ಬಂದಿತ್ತು.

ಇನ್‌ಸ್ಪೆಕ್ಟರ್ ಬಂದ ದಿನ ಇಬ್ಬರಿಗೆ ಜ್ವರ, ಇಪ್ಪತ್ತೊಂಬತ್ತು ಮಕ್ಕಳಿದ್ದರು. ಇನ್‌ಸ್ಪೆಕ್ಟರ್ ತೆಳ್ಳನೆಯ ಮನುಷ್ಯ, ನೆಗಡಿಯಾಗಿತ್ತು. ಬೆಳಿಗ್ಗೆಯಿಂದ ಅದು ಅವರಿಗೆ ಎರಡನೆಯ ಶಾಲೆ. ಪ್ರಶ್ನೆಪತ್ರಿಕೆ ಹಂಚಿ, ಟೀಚರುಗಳು ಹಿಂದೆ ನಿಲ್ಲಬೇಕು, ಮಾತಾಡಬಾರದು ಎಂದರು. ಚಿಕ್ಕಮ್ಮ ಹಿಂದಿನ ಗೋಡೆಗೆ ಒರಗಿ ನಿಂತರು. ಬಾಗಿಲ ಹತ್ತಿರ ಹೆಡ್‌ಮಿಸ್.

ಐದು ಪ್ರಶ್ನೆ, ಒಂದೊಂದಕ್ಕೆ ಎರಡು ಅಂಕ. ಚಿಕ್ಕಮ್ಮ ಹತ್ತಿರದ ಮಗುವಿನ ಭುಜದ ಮೇಲಿಂದ ನೋಡಿದರು. ಮೊದಲೆರಡು ಸುಲಭ. ಮೂರನೆಯದಕ್ಕೆ ಕಣ್ಣು ಹೋದಾಗ ಅವರು ಕತ್ತು ಚಾಚಿದರು. ಅದು ನಾಲ್ಕು ಭಾಗದ ಒಂದು ವೃತ್ತ. ಯಾರೋ ಅವಸರದಲ್ಲಿ ಕೈಯಿಂದ ಬರೆದು ಅಚ್ಚಿಗೆ ಕೊಟ್ಟಿದ್ದರು. ಗೆರೆಗಳು ನಡುವೆ ಕೂಡಿರಲಿಲ್ಲ, ಒಂದು ಪಕ್ಕಕ್ಕೆ ಸರಿದಿದ್ದವು. ಬಣ್ಣದ ತುಂಡು ಪಕ್ಕದ ತುಂಡಿಗಿಂತ ಎದ್ದು ಕಾಣುವಷ್ಟು ಸಣ್ಣದು. ನಾಲ್ಕನೆಯ ಪ್ರಶ್ನೆಯಲ್ಲಿ ಮೂರು ಭಾಗದ ಒಂದು ಆಯತ. ಅದರ ನಡುವಿನ ಭಾಗ ಅಗಲ, ಅಂಚಿನವು ಕಿರಿದು.

ತರಗತಿಯಲ್ಲಿ ಪೆನ್ಸಿಲ್‌ಗಳ ಸದ್ದು ಒಂದೊಂದಾಗಿ ನಿಂತಿತು. ಮಕ್ಕಳು ಹಾಳೆಯನ್ನು ತಿರುಗಿಸಿ ನೋಡಿದರು. ಕೆಲವರು ಹೆಬ್ಬೆರಳಿಟ್ಟು ಅಳೆದರು. ರಬ್ಬರ್ ಜೇಬಿಗೆ ಕೈ ಹಾಕಿ, ಅಚ್ಚಾದ ಗೆರೆಯನ್ನೇ ಅಳಿಸಲು ಶುರುಮಾಡಿದ.

ಲಾಯರ್ ಎದ್ದು ನಿಂತಳು. “ಸಾರ್, ಇದು ಸಮ ಇಲ್ಲ. ಏನು ಬರೀಬೇಕು?”

ಇನ್‌ಸ್ಪೆಕ್ಟರ್ ಮೂಗು ಒರೆಸಿಕೊಂಡು, ತಲೆ ಎತ್ತದೆಯೇ, “ಕಾಣೋದನ್ನ ಬರಿ” ಎಂದರು.

ಹೆಡ್‌ಮಿಸ್ ಬಾಗಿಲಿನಿಂದ ಚಿಕ್ಕಮ್ಮನನ್ನು ನೋಡಿದರು. ಆ ನೋಟ ಏನು ಹೇಳುತ್ತಿದೆ ಎಂದು ಚಿಕ್ಕಮ್ಮನಿಗೆ ಗೊತ್ತಿತ್ತು. ಬಾಯಿ ಬಿಡಬೇಕಾಗಿಯೂ ಇರಲಿಲ್ಲ. ಹಿಂತಿರುಗಿ ನೋಡುತ್ತಿದ್ದ ಮಕ್ಕಳಿಗೆ ಒಂದು ಬೆರಳು, ಆಮೇಲೆ ನಾಲ್ಕು ಬೆರಳು ತೋರಿಸಿದ್ದರೆ ಸಾಕಿತ್ತು. ಎಂಟು ಹತ್ತು ಮುಖಗಳು ಅವರನ್ನೇ ಕೇಳುತ್ತಿದ್ದವು. ಚಿಕ್ಕಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒತ್ತಿಕೊಂಡರು. ಆಮೇಲೆ ನೋಡಿದಾಗ ಬೆರಳ ಗೆಣ್ಣುಗಳಲ್ಲೆಲ್ಲ ಸುಣ್ಣ ಮೆತ್ತಿಕೊಂಡಿತ್ತಂತೆ. ಮಕ್ಕಳು ಒಬ್ಬೊಬ್ಬರಾಗಿ ಮುಂದಕ್ಕೆ ತಿರುಗಿ ಬರೆಯತೊಡಗಿದರು.

ಆಫೀಸು ಕೋಣೆಯಲ್ಲಿ ಇನ್‌ಸ್ಪೆಕ್ಟರ್ ಉತ್ತರದ ಪಟ್ಟಿ ಪಕ್ಕಕ್ಕಿಟ್ಟುಕೊಂಡು ತಿದ್ದಿದರು. ಮೂರನೆಯದಕ್ಕೆ ನಾಲ್ಕರಲ್ಲಿ ಒಂದು, ನಾಲ್ಕನೆಯದಕ್ಕೆ ಮೂರರಲ್ಲಿ ಒಂದು ಎಂದು ಅದರಲ್ಲಿತ್ತು. ಐದು ಮಕ್ಕಳು ಹಾಗೆ ಬರೆದಿದ್ದರು. ಇಪ್ಪತ್ಮೂರು ಮಕ್ಕಳು ಎರಡಕ್ಕೂ ‘ಸಮ ಇಲ್ಲ’ ಎಂದೋ ‘ತುಂಡು’ ಎಂದೋ ಬರೆದಿದ್ದರು. ಉಳಿದವನು ರಬ್ಬರ್. ಅವನು ನಾಲ್ಕನೆಯದಕ್ಕೆ ‘ತುಂಡು’ ಎಂದು ಬರೆದು, ಮೂರನೆಯದರಲ್ಲಿ ಹಳೆಯ ಗೆರೆ ಅಳಿಸಿ, ನಡುವೆ ಸರಿಯಾಗಿ ಕೂಡುವ ಹಾಗೆ ಎರಡು ಹೊಸ ಗೆರೆ ಎಳೆದು, ಬಣ್ಣ ಹಚ್ಚಿ, ಕೆಳಗೆ ‘ಈಗ ಕಾಲು’ ಎಂದು ಬರೆದಿದ್ದ. ಆ ಪ್ರಶ್ನೆಗೂ ಸೊನ್ನೆ. ನಾಲ್ಕು ಅಂಕ ಹೋದರೆ ಹತ್ತರಲ್ಲಿ ಆರು. ಏಳು ಮುಟ್ಟಿದವರು ಐದೇ ಜನ.

“ಇಡೀ ತರಗತಿಗೆ ಯಾರೋ ತಪ್ಪು ಹೇಳಿಕೊಟ್ಟಿದ್ದಾರೆ,” ಎಂದರು ಇನ್‌ಸ್ಪೆಕ್ಟರ್. “ಇಲ್ಲಿ ಸಹಿ ಹಾಕಿ ಅಮ್ಮ.”

“ಆ ಪ್ರಶ್ನೆಪತ್ರಿಕೆ ಒಂದು ಉಳಿದಿದ್ರೆ ಕೊಡ್ತೀರಾ ಸಾರ್? ಒಂದು ಕತ್ತರಿಯೂ ಬೇಕು.”

ಕತ್ತರಿ ಕೊಟ್ಟದ್ದು ಹೆಡ್‌ಮಿಸ್. ಗೊಂಚಲಿನಿಂದ ಒಂದು ಬೀಗದ ಕೈ ಹುಡುಕಿ, ಮೇಜಿನ ಕೆಳಗಿನ ಡ್ರಾಯರ್ ತೆರೆದು, ಕತ್ತರಿಯನ್ನು ಮೇಜಿನ ಮೇಲಿಟ್ಟರು. ಚಿಕ್ಕಮ್ಮ ಅದನ್ನು ಇನ್‌ಸ್ಪೆಕ್ಟರ ಕಡೆ ತಳ್ಳಿದರು.

“ನಾನು ಛತ್ರಿ ಬಟ್ಟೆ ಕತ್ತರಿಸ್ತಿದ್ದವಳು ಸಾರ್. ನಾನು ಕತ್ತರಿಸಿದ್ರೆ ಕೈಚಳಕ ಅಂತೀರಿ. ನೀವೇ ಮಾಡಿ. ಗೆರೆ ಮೇಲೇ ಹೋಗಿ.”

ಇನ್‌ಸ್ಪೆಕ್ಟರಿಗೆ ಸಿಟ್ಟು ಬಂದ ಹಾಗಿತ್ತು. ಆದರೂ ಕತ್ತರಿಸಿದರು. ನಾಲ್ಕು ತುಂಡಾಯಿತು. ಬಣ್ಣದ್ದನ್ನು ಪಕ್ಕದ್ದರ ಮೇಲೆ ಇಟ್ಟರು. ಕೆಳಗಿನದು ಬೆರಳಿನಗಲ ಹೊರಗೆ ಇಣುಕಿತು. ತಿರುಗಿಸಿ ಇಟ್ಟರು. ಆ ಕಡೆಯಿಂದ ಇಣುಕಿತು.

“ಮಕ್ಕಳು ಇಷ್ಟೆಲ್ಲ ನೋಡಬೇಕಾಗಿಲ್ಲ ಅಮ್ಮ,” ಎಂದರು, ಸ್ವಲ್ಪ ಮೆತ್ತಗೆ. “ಇದು ಚಿತ್ರ ಅಷ್ಟೆ. ಕಾಲು ಅಂತ ಅಂದುಕೊಳ್ಳೋದು.”

“ಅಂದುಕೊಳ್ಳಿ ಅಂತ ನಾನೂ ಒಂದು ತಿಂಗಳು ಕಲಿಸಿದ್ದೆ ಸಾರ್. ಅದನ್ನ ಅಳಿಸೋಕೆ ಹದಿಮೂರು ದಿನ ಬೇಕಾಯ್ತು. ಮಗು ನಿಮ್ಮನ್ನೇ ಕೇಳಿತು. ಕಾಣೋದನ್ನ ಬರಿ ಅಂದ್ರಿ. ಕಂಡದ್ದನ್ನ ಬರೆದಿದ್ದಾರೆ.”

ಇನ್‌ಸ್ಪೆಕ್ಟರ್ ಬಹಳ ಹೊತ್ತು ಮೂಗು ಒರೆಸಿಕೊಂಡರು. “ಅಂಕ ಬದಲಾಯಿಸೋ ಅಧಿಕಾರ ನನಗಿಲ್ಲ. ಉತ್ತರದ ಪಟ್ಟಿ ಮೇಲಿಂದ ಬಂದದ್ದು.”

“ಬದಲಾಯಿಸಿ ಅಂತ ನಾನು ಕೇಳ್ತಿಲ್ಲ. ಈ ನಾಲ್ಕು ತುಂಡನ್ನ ಅಂಕಪಟ್ಟಿ ಜೊತೆ ಪಿನ್ ಮಾಡಿ. ಯಾಕೆ ಅಂತ ಒಂದು ಸಾಲು ಬರೀರಿ. ಆಮೇಲೆ ಸಹಿ ಹಾಕ್ತೀನಿ. ಅಲ್ಲಿವರೆಗೂ ಹಾಕೋದಿಲ್ಲ.”

“ಸಹಿ ಇಲ್ಲದೆ ಹೋದ್ರೆ ನಿಮಗೇ ತೊಂದರೆ.”

“ಗೊತ್ತು ಸಾರ್.”

ಹೆಡ್‌ಮಿಸ್ ಪಿನ್ನಿನ ಡಬ್ಬಿಯನ್ನು ಮುಂದಕ್ಕೆ ಸರಿಸಿದರು. “ನನ್ನ ಸಹಿಯೂ ಬೇಕಲ್ಲ ಅದಕ್ಕೆ,” ಎಂದರು, ಯಾರ ಮುಖವನ್ನೂ ನೋಡದೆ. “ಟೀಚರ್ ಹಾಕಿದ ಮೇಲೆ ನಾನು ಹಾಕ್ತೀನಿ.”

ಇನ್‌ಸ್ಪೆಕ್ಟರ್ ಒಂದು ಸಾಲಿಗೆ ಶುರುಮಾಡಿ ಆರು ಸಾಲು ಬರೆದರು. ರಬ್ಬರಿನ ಹಾಳೆಯನ್ನು ಮತ್ತೊಂದು ಸಲ ಕೈಗೆತ್ತಿಕೊಂಡು ನೋಡಿ, ಅದನ್ನೂ ಸೇರಿಸಿ ಪಿನ್ ಮಾಡಿದರು. ಚಿಕ್ಕಮ್ಮ ಸಹಿ ಹಾಕಿದರು.

ಉತ್ತರ ಬರಲು ಮೂರು ವಾರ ಹಿಡಿಯಿತು. ಅಷ್ಟು ದಿನವೂ ಚಿಕ್ಕಮ್ಮ ತರಗತಿಗೆ ಹೋದರು, ಗುಣಾಕಾರ ಕಲಿಸಿ ಮುಗಿಸಿದರು. ಕಾಗದ ಬಂದ ದಿನ ಹೆಡ್‌ಮಿಸ್ ಅದನ್ನು ಹಿಡಿದುಕೊಂಡು ತಾವೇ ಕಾರಿಡಾರಿಗೆ ಬಂದರು. ಅಂಕಗಳು ಹಾಗೆಯೇ ಉಳಿದಿದ್ದವು. ಪ್ರಶ್ನೆಪತ್ರಿಕೆಯ ಬಗ್ಗೆ ಒಂದು ಮಾತೂ ಇರಲಿಲ್ಲ. ಲಗತ್ತಿಸಿದ ಟಿಪ್ಪಣಿಯನ್ನು ಗಮನಿಸಿ, ಟೀಚರ ಪರೀಕ್ಷಾರ್ಥ ಅವಧಿಯನ್ನು ಇನ್ನೊಂದು ವರ್ಷ ಮುಂದುವರಿಸಲಾಗಿದೆ, ಖಾಯಂ ಮಾಡುವ ವಿಷಯವನ್ನು ಆಮೇಲೆ ನೋಡಲಾಗುವುದು ಎಂದಷ್ಟೇ ಇತ್ತು.

“ತೆಗೆದೂ ಹಾಕಿಲ್ಲ, ಕೊಟ್ಟೂ ಇಲ್ಲ,” ಎಂದರು ಹೆಡ್‌ಮಿಸ್. “ಬೇಜಾರಾಯ್ತಾ?”

ಚಿಕ್ಕಮ್ಮ ಕಾಗದವನ್ನು ಎರಡು ಸಲ ಓದಿದರು. ಬೇಜಾರಾಗಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ ಎಂದು ನನಗೆ ಅವರೇ ಹೇಳಿದರು. ಆದರೆ ಹೆಡ್‌ಮಿಸ್ಸಿಗೆ ಅವರು ಕೇಳಿದ್ದು ಬೇರೆ.

“ಮುಂದಿನ ವರ್ಷವೂ ಮೂರನೇ ತರಗತಿಯೇ ತಾನೆ ಮೇಡಂ?”

“ಮೂರನೇ ತರಗತಿಯೇ.”

“ಈ ಮಕ್ಕಳ ವರ್ಷ ಮುಗಿಯೋಕೆ ಇನ್ನೂ ಎಂಟು ದಿನ ಇದೆ,” ಎಂದು ಚಿಕ್ಕಮ್ಮ ಒಳಗೆ ಹೋದರು.

ಪರೀಕ್ಷೆ ಮುಗಿದಿತ್ತು, ಇನ್ನು ಯಾರೂ ಬಂದು ಕೇಳುವವರಿರಲಿಲ್ಲ. ಚಿಕ್ಕಮ್ಮ ಕಾಗದದ ಪಟ್ಟಿಗಳನ್ನು ಹಂಚಿ, ಮೂರು ಸಮಭಾಗ ಮಾಡಿ ಎಂದರು. ಅರ್ಧಕ್ಕೆ ಮಡಚುತ್ತಾ ಹೋದರೆ ಎರಡು, ನಾಲ್ಕು, ಎಂಟು ಬರುತ್ತದೆಯೇ ಹೊರತು ಮೂರು ಬರುವುದಿಲ್ಲ. ಮಕ್ಕಳು ಗೊಣಗಿದರು. ಇದು ಆಗದ ಕೆಲಸ ಎಂದು ಲಾಯರ್ ಘೋಷಿಸಿದಳು. ಪಟ್ಟಿಯ ಎರಡೂ ತುದಿಗಳನ್ನು ಒಳಕ್ಕೆ ಬಾಗಿಸಿ, ಒಂದರ ಮೇಲೊಂದು ಬರುವಂತೆ ಸರಿಸುತ್ತಾ, ನಿಧಾನವಾಗಿ ಒತ್ತಬೇಕು ಎಂದು ಮೊದಲು ಕಂಡುಕೊಂಡದ್ದು ಹಿಂದಿನ ಬೆಂಚಿನ, ಯಾರೂ ಅಡ್ಡಹೆಸರು ಇಡದಷ್ಟು ಮೆತ್ತಗಿನ ಒಂದು ಹುಡುಗಿ. ಗಂಟೆ ಹೊಡೆಯುವ ಹೊತ್ತಿಗೆ ಏಳು ಮಕ್ಕಳಿಗೆ ಬಂದಿತ್ತು. ಉಳಿದವರ ಪಟ್ಟಿಗಳು ಮುದ್ದೆಯಾಗಿದ್ದವು. ನಾಳೆ ಹೊಸ ಪಟ್ಟಿ ತರುತ್ತೇನೆ ಎಂದು ಹೇಳಿ ಚಿಕ್ಕಮ್ಮ ಅವನ್ನೆಲ್ಲ ಆರಿಸಿಕೊಂಡರು.